ಸುಳ್ಳದ ಪ್ರಮಾಣ

ಆಧಾರ್ ಕಾರ್ಡಿನ ಪ್ರಕಾರ ಆಯಿ ಹುಟ್ಟಿದ್ದು 1954ರಲ್ಲಿ. ಆಯಿಯ ಪ್ರಕಾರ, ಗಾಂಧಿ ಸತ್ತ ಸುದ್ದಿ ಊರಿಗೆ ಬಂದ ದಿನ ಆಕೆ ಗ್ವಾಡಿ ಹಿಡಿದು ನಡೆಯುತ್ತಿದ್ದಳು; ಅವಳವ್ವ ಹಾಗಂತ ಹೇಳುತ್ತಿದ್ದಳಂತೆ. ಗಾಂಧಿ ಸತ್ತದ್ದು 1948ರ ಜನವರಿಯಲ್ಲಿ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ 1946ರ ಆಸುಪಾಸು ಬರುತ್ತದೆ. ಕಾರ್ಡು ಮಾಡಿಸುವಾಗ ಮಗ ಬಾಯಿಗೆ ಬಂದ ವರ್ಷ ಹೇಳಿದ, ಬರೆದುಕೊಳ್ಳುವವನು ಬರೆದುಕೊಂಡ. ನಡುವಿನ ಎಂಟು ವರ್ಷ ಎಲ್ಲೋ ಬಿದ್ದುಹೋದವು. ಅವು ಯಾರಿಗೂ ಬೇಕಾಗಿರಲಿಲ್ಲ. ಬೇಕಾದದ್ದು 2024ರ ನವೆಂಬರಿನಲ್ಲಿ, ಹತ್ತಿ ಬಿಡಿಸುವ ದಿನಗಳಲ್ಲಿ, ನನ್ನ ಔಷಧದ ಅಂಗಡಿಯ ಕಟ್ಟೆಯ ಮೇಲೆ.

ನಮ್ಮೂರು ಸುಳ್ಳ. ಹುಬ್ಬಳ್ಳಿ ತಾಲೂಕು, ಎರಿ ಹೊಲ, ಹತ್ತಿ, ಮೆಣಸಿನಕಾಯಿ, ಕಡಲಿ. ನಾನು ಡಿ.ಫಾರ್ಮ್ ಓದಲು ಹೋದ ಮೊದಲ ದಿನ ಹಾಜರಿ ಕರೆಯುತ್ತಿದ್ದ ಸರ್ ಯಾವ ಊರು ಅಂದರು. "ಸುಳ್ಳರೀ" ಅಂದೆ. "ಖರೇ ಹೇಳಪಾ" ಅಂದರು. ಕ್ಲಾಸು ನಕ್ಕಿತು. ಈ ಜೋಕನ್ನು ನಮ್ಮೂರಿನವರೆಲ್ಲ ನೂರು ಸಲ ಕೇಳಿರುತ್ತೇವೆ, ನೂರಾಒಂದನೆಯ ಸಲವೂ ನಗಬೇಕಾಗುತ್ತದೆ. ಖರೆ-ಸುಳ್ಳಿನ ವಿಚಾರ ನನ್ನ ಬೆನ್ನು ಹತ್ತಿದ್ದು ಊರಿನ ಹೆಸರಿನಿಂದಲೇ ಇರಬೇಕು.

ಆಯಿ ನನಗೆ ರಕ್ತಸಂಬಂಧವಲ್ಲ, ಓಣಿಗೆಲ್ಲ ಆಯಿ. ಬೆನ್ನಿನಿಂದ ಪಕ್ಕೆಗೆ ಸರ್ಪಸುತ್ತು ಎದ್ದು, ಕೆಮ್ಮಣ್ಣು ಹಚ್ಚಿಸಿಕೊಂಡು, ಗುಳ್ಳೆ ಒಣಗಿ ತಿಂಗಳಾದರೂ ಉರಿ ಹೋಗಿರಲಿಲ್ಲ. ಸೆರಗು ತಾಗಿದರೂ ಚುಳ್ ಅನ್ನುತ್ತಿತ್ತು. ಹುಬ್ಬಳ್ಳಿಯ ಡಾಕ್ಟರು ರಕ್ತ ತಪಾಸಣೆ ಮಾಡಿಸಿ, ಪ್ರಿಗ್ಯಾಬಲಿನ್ 75 ಮಿಲಿಗ್ರಾಂ, ಮುಂಜಾನೆ ಒಂದು ಸಂಜೆ ಒಂದು ಅಂತ ಬರೆದಿದ್ದರು. ನರದ ಉರಿಗೆ ಒಳ್ಳೆಯ ಔಷಧವೇ. ಆದರೆ ಅದಕ್ಕೊಂದು ಗುಣವಿದೆ: ಹೊಟ್ಟೆಗೆ ಹೋದದ್ದು ಹೆಚ್ಚುಕಡಿಮೆ ಹೋದ ಹಾಗೆಯೇ ಕಿಡ್ನಿಯ ದಾರಿಯಿಂದ ಹೊರಗೆ ಬರುತ್ತದೆ. ಆ ದಾರಿ ಸೊರಗಿದ್ದರೆ ಒಳಗೇ ಉಳಿಯುತ್ತದೆ. ಉಳಿದರೆ ಮಂಪರು, ತಲೆ ತಿರುಗುವುದು, ರಾತ್ರಿ ಎದ್ದವರು ಬಚ್ಚಲ ಹೊಸ್ತಿಲಲ್ಲಿ ಬೀಳುವುದು. ಮುದುಕರಿಗೆ ತೊಡೆಯ ಎಲುಬು ಮುರಿದರೆ ಮುಂದಿನ ಕಥೆ ಓಣಿಯಲ್ಲಿ ಎಲ್ಲರಿಗೂ ಗೊತ್ತು.

ರಿಪೋರ್ಟಿನಲ್ಲಿ ಕ್ರಿಯಾಟಿನಿನ್ 1.1 ಅಂತಿತ್ತು. ದಪ್ಪಕ್ಷರವಿಲ್ಲ, ಚುಕ್ಕೆ ಗುರುತಿಲ್ಲ. ಕೆಳಗೆ, ಕಿಡ್ನಿ ಸೋಸುವ ವೇಗದ ಅಂದಾಜು 54 ಅಂತ ಲ್ಯಾಬಿನ ಕಂಪ್ಯೂಟರ್ ತಾನೇ ಹಾಕಿತ್ತು. 54ಕ್ಕೆ ಡಾಕ್ಟರು ಬರೆದ ಪ್ರಮಾಣ ತಪ್ಪೇನಲ್ಲ. ನನಗೆ ಅನುಮಾನ ಬಂದದ್ದು ಕಾಗದ ನೋಡಿ ಅಲ್ಲ, ಕಾಗದ ಹಿಡಿದಿದ್ದ ಕೈ ನೋಡಿ. ಮುಂಗೈಯಲ್ಲಿ ಎರಡು ಎಲುಬು ಬೇರೆಬೇರೆಯಾಗಿ ಕಾಣುತ್ತಿದ್ದವು.

ಫೋನು ತೆಗೆದೆ. ಅದರಲ್ಲೊಂದು ಆ್ಯಪ್ ಇದೆ. ನಾಲ್ಕು ಪ್ರಶ್ನೆ ಕೇಳುತ್ತದೆ. ವಯಸ್ಸೆಷ್ಟು, ತೂಕವೆಷ್ಟು, ಗಂಡೋ ಹೆಣ್ಣೋ, ಕ್ರಿಯಾಟಿನಿನ್ ಎಷ್ಟು. ಅಂಗಡಿಯ ತೂಕದ ಯಂತ್ರದ ಸೆಲ್ಲು ಹೋಗಿ ವಾರವಾಗಿತ್ತು. ಪಕ್ಕದ ಗೊಬ್ಬರದ ಅಂಗಡಿಯಲ್ಲಿ ಚೀಲ ತೂಗುವ ಕಾಟಾದ ಮೇಲೆ ಆಯಿಯನ್ನು ನಿಲ್ಲಿಸಿದೆ. ಆಕೆ ಸೊಂಟದ ಚಂಚಿ ತೆಗೆದು ನನ್ನ ಕೈಗಿತ್ತಳು. "ಎಲಿ ಅಡಕಿ ತೂಕ ಯಾಕ ನನ್ನ ಲೆಕ್ಕಕ್ಕ ಹಚ್ತಿ?" ಅಂದಳು. 42 ಕಿಲೋ. ಹಮಾಲರ ಹುಡುಗ "ಆಯಿ, ಅರ್ಧ ಚೀಲ ಯೂರಿಯಾನೂ ಇಲ್ಲ ನೋಡು ನೀ" ಅಂದ. ಅವನ ಲೆಕ್ಕ ತಪ್ಪು. ಯೂರಿಯಾದ ಚೀಲ ಈಗ 45 ಕಿಲೋ.

ವಯಸ್ಸಿನ ಜಾಗದಲ್ಲಿ 70 ಹಾಕಿದೆ. 31.6 ಬಂತು. 78 ಹಾಕಿದೆ. 28 ಬಂತು. ಈ ಔಷಧದ ಪಟ್ಟಿಯಲ್ಲಿ ಗೆರೆ ಎಳೆದಿರುವುದು ಸರಿಯಾಗಿ 30ಕ್ಕೆ. ಗೆರೆಯ ಮೇಲಿದ್ದರೆ ದಿನಕ್ಕೆ 75ರಿಂದ ಶುರು ಮಾಡಬಹುದು. ಕೆಳಗಿದ್ದರೆ 25, ಹೆಚ್ಚೆಂದರೆ 50. ಕಾರ್ಡಿನಲ್ಲಿರುವ ಆಯಿಗೆ ಒಂದು ಔಷಧ, ಕಾಟಾದಿಂದ ಇಳಿಯುತ್ತಿರುವ ಆಯಿಗೆ ಇನ್ನೊಂದು.

ಇಂಥ ಯಂತ್ರವನ್ನು ನಾನು ಮೊದಲು ಕಂಡದ್ದು 2003ರಲ್ಲಿ, ತರಬೇತಿಗೆ ಹೋದ ಆಸ್ಪತ್ರೆಯಲ್ಲಿ. ಹಿರಿಯ ಡಾಕ್ಟರೊಬ್ಬರು ಅಂಗೈಯಗಲದ ಪೆಟ್ಟಿಗೆ ಹಿಡಿದು ಸಣ್ಣ ಕಡ್ಡಿಯಿಂದ ಚುಚ್ಚುತ್ತಿದ್ದರು. 'ಪಾಮ್' ಅಂತಲೇ ಅದರ ಹೆಸರು. ನಮ್ಮಪ್ಪ ದಿನಾ ಮುಂಜಾನೆ ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಕಣ್ಣು ಮಿಟುಕಿಸದೆ ಕೂಡುತ್ತಿದ್ದ. ಆ ಡಾಕ್ಟರೂ ಹಾಗೇ ಕೂತಿದ್ದರು. ಮನೆಗೆ ಬಂದು ಹೇಳಿದಾಗ ಅಪ್ಪ ನಗಲಿಲ್ಲ. "ಅವರು ಅದನ್ನ ಏನ್ ಕೇಳ್ತಿದ್ರು?" ಅಂದ.

ಆಗ ಉತ್ತರ ಗೊತ್ತಿರಲಿಲ್ಲ. ಈಗ ಗೊತ್ತಿರುವಷ್ಟು ಹೇಳುತ್ತೇನೆ. ಒಬ್ಬ ಆರೋಗ್ಯವಂತನ ಎರಡು ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. 15 ಲೀಟರಿನ ಕೊಡದಲ್ಲಿ 12 ಕೊಡ. ಹೊರಗೆ ಬಿಡುವುದು ಒಂದೂವರೆ ಲೀಟರಿನಷ್ಟು, ಉಳಿದದ್ದೆಲ್ಲ ವಾಪಸು ಒಳಗೆ. ಆ ಸೋಸುವಿಕೆಯನ್ನು ಕಣ್ಣಾರೆ ಕಂಡವರಿಲ್ಲ. ನೇರವಾಗಿ ಅಳೆಯುವ ವಿಧಾನಗಳಿವೆ, ಅವು ದೊಡ್ಡ ಆಸ್ಪತ್ರೆಯ ಮಾತು. ಆದ್ದರಿಂದ ಒಂದು ಕುರುಹು ಹಿಡಿಯುತ್ತಾರೆ. ಮೈಯ ಮಾಂಸಖಂಡ ದಿನವೂ ಕ್ರಿಯಾಟಿನಿನ್ ಎಂಬ ಕಸ ಹೊರಹಾಕುತ್ತದೆ. ಕಿಡ್ನಿ ಅದನ್ನು ಗುಡಿಸುತ್ತದೆ. ರಕ್ತದಲ್ಲಿ ಕಸ ಹೆಚ್ಚಿದ್ದರೆ ಗುಡಿಸುವವನು ಸೋತಿದ್ದಾನೆ.

ಅಪ್ಪ ಇದನ್ನು ಕೇಳಿದ್ದರೆ "ಹೊಗೆ ನೋಡಿ ಬೆಂಕಿ ಹೇಳೂದಲ್ಲೇನು" ಅನ್ನುತ್ತಿದ್ದ. ಸಣ್ಣವನಿದ್ದಾಗ ಎರಡು ವರ್ಷ ಮಠದ ಪಾಠಶಾಲೆಯಲ್ಲಿ ಇದ್ದವನು. ಅನ್ನಂಭಟ್ಟನ ತರ್ಕಸಂಗ್ರಹ ಅರ್ಧಕ್ಕೆ ಬಿಟ್ಟು ರಂಟೆ ಹಿಡಿದ, ಆದರೆ ಆ ಅರ್ಧ ಕೊನೆಯವರೆಗೂ ನೆನಪಿತ್ತು. ನ್ಯಾಯದವರು ತಿಳಿವಿಗೆ ನಾಲ್ಕು ಬಾಗಿಲು ಹೇಳುತ್ತಾರೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಒಂದೊಂದೂ ಪ್ರಮಾಣ. ಚಾರ್ವಾಕ ಮೊದಲನೆಯದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಚಿಲಕ ಹಾಕಿದ. ನಮ್ಮ ಮಾತಿನಲ್ಲಿ ಈ 'ಪ್ರಮಾಣ'ದ ಗತಿ ನೋಡಿ. ಔಷಧ ಎಷ್ಟು ಕೊಡಬೇಕೋ ಅದು ಪ್ರಮಾಣ. ಒಂದು ಮಾತು ಖರೆ ಅಂತ ಯಾವುದರಿಂದ ತಿಳಿಯುತ್ತೇವೋ ಅದು ಪ್ರಮಾಣ. ಕೋರ್ಟಿನಲ್ಲಿ, ಗುಡಿಯಲ್ಲಿ ಕೈಯಿಟ್ಟು ಹೇಳುವುದೂ ಪ್ರಮಾಣ. ಮೂರೂ ಒಂದೇ ಶಬ್ದದಲ್ಲಿ ಒಕ್ಕಲಿವೆ. ಡಬ್ಬಿಯ ಮೇಲೆ ಅಚ್ಚಾಗುವ 'ಮಾತ್ರೆ'ಯೂ ಅಳತೆಯ ಶಬ್ದವೇ. ನಮ್ಮ ಬಾಯಲ್ಲಿ ಮಾತ್ರ ಅದು ಗುಳಿಗಿ.

ಅನುಮಾನದಲ್ಲಿ ಎಡವುವ ಒಂದು ಜಾಗವನ್ನು ತರ್ಕದವರು ಚೆನ್ನಾಗಿ ಗುರುತಿಸಿದ್ದಾರೆ. ಹೊಗೆಯಿದ್ದಲ್ಲಿ ಬೆಂಕಿಯಿದೆ, ಸರಿ, ಅಡಿಗೆಮನೆಯ ಒಲೆಯ ಹಾಗೆ. ಅದನ್ನೇ ತಿರುಗಿಸಿ, ಬೆಂಕಿಯಿದ್ದಲ್ಲೆಲ್ಲ ಹೊಗೆ ಇರಲೇಬೇಕು ಅಂದರೆ ಕೆಟ್ಟಿತು. ಕಂಬಾರನ ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಎಲ್ಲಿ? ಹೊಗೆ ಏಳಬೇಕಾದರೆ ಹಸಿ ಕಟ್ಟಿಗೆ ಬೇಕು. ಆ ಹಸಿ ಕಟ್ಟಿಗೆಗೆ ಅವರಿಟ್ಟ ಹೆಸರು ಉಪಾಧಿ. ಯಾರೂ ಹೇಳದೆ ನಡುವೆ ನಿಂತಿರುವ ಷರತ್ತು ಅದು.

ಆಯಿಯ ಮೈಯಲ್ಲಿ ಹಸಿ ಕಟ್ಟಿಗೆ ಮುಗಿದಿತ್ತು. ಮಾಂಸಖಂಡವೇ ಇಲ್ಲದ ಮೇಲೆ ಕ್ರಿಯಾಟಿನಿನ್ ಎಲ್ಲಿಂದ ಬರಬೇಕು? ಕಿಡ್ನಿ ಅರ್ಧಕ್ಕಿಂತ ಹೆಚ್ಚು ಸೋತಿದ್ದರೂ ರಿಪೋರ್ಟಿನಲ್ಲಿ ಹೊಗೆಯಿಲ್ಲ. 1.1 ಅನ್ನುವ ಅದೇ ಅಂಕಿಯನ್ನು ಗರಡಿಮನೆಯ 25 ವರ್ಷದ, 80 ಕಿಲೋ ತೂಕದ ಪೈಲ್ವಾನನ ಹೆಸರಿಗೆ ಹಾಕಿದರೆ ಆ್ಯಪ್ 116 ಅನ್ನುತ್ತದೆ. ಒಂದೇ ಕಾಗದ, ಒಂದೇ ಅಂಕಿ: ಪೈಲ್ವಾನನಿಗೆ 116, ಆಯಿಗೆ 28.

ಹಾಗಾದರೆ ಲ್ಯಾಬಿನ ಕಂಪ್ಯೂಟರ್ 54 ಅಂದದ್ದು ಸುಳ್ಳೇ? ಅದೂ ಅಲ್ಲ. ಅದರ ಸೂತ್ರ 2021ರದು, ತೂಕ ಕೇಳುವುದೇ ಇಲ್ಲ. 1.73 ಚದರ ಮೀಟರ್ ಮೈಯಿರುವ ಒಬ್ಬ ಸಾಮಾನ್ಯ ಮನುಷ್ಯನನ್ನು ಕಲ್ಪಿಸಿಕೊಂಡು ಅವನ ಲೆಕ್ಕ ಹೇಳುತ್ತದೆ. ರೋಗ ಎಷ್ಟು ಮುಂದುವರಿದಿದೆ ಅಂತ ನೋಡಲು ಅದು ಸರಿ. ನನ್ನ ಆ್ಯಪಿನಲ್ಲಿರುವುದು ಹಳೆಯ ಸೂತ್ರ. ಈ ಔಷಧದ ಪಟ್ಟಿ ಮಾಡಿರುವುದು ಅದರ ಮೇಲೆ. 1976ರಲ್ಲಿ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಎಂಬ ಇಬ್ಬರು ಡಾಕ್ಟರು ಕೆನಡಾದ ಮಾಂಟ್ರಿಯಲ್‌ನಲ್ಲಿ, ಮಾಜಿ ಸೈನಿಕರ ಆಸ್ಪತ್ರೆಯಲ್ಲಿ, 249 ರೋಗಿಗಳ ಲೆಕ್ಕ ಹಿಡಿದು ಕಟ್ಟಿದ್ದು. 140ರಲ್ಲಿ ವಯಸ್ಸು ಕಳೆ, ತೂಕದಿಂದ ಗುಣಿಸು, ಕ್ರಿಯಾಟಿನಿನ್ನಿನ 72 ಪಟ್ಟಿನಿಂದ ಭಾಗಿಸು. ಆ ರೋಗಿಗಳು ಹೆಚ್ಚುಕಡಿಮೆ ಎಲ್ಲರೂ ಗಂಡಸರು. ಹೆಂಗಸರಿಗೆ? ಬಂದದ್ದನ್ನು 0.85ರಿಂದ ಗುಣಿಸಿ ಅಂದರು. ಹೆಣ್ಣೆಂದರೆ ಹದಿನೈದು ಪರ್ಸೆಂಟ್ ಕಡಿಮೆ ಗಂಡು! ಅದರ ಮೇಲೆ ಸುಳ್ಳದ ಆಯಿಯ ಗುಳಿಗಿ ನಿಂತಿದೆ. ಅಮೆರಿಕದಲ್ಲಂತೂ 2021ರವರೆಗೆ ಚಾಲ್ತಿಯಲ್ಲಿದ್ದ ಸೂತ್ರಗಳು ಕರಿಯರಿಗೆ ಬೇರೆ ಗುಣಕ ಹಚ್ಚುತ್ತಿದ್ದವು, ಆಮೇಲೆ ತೆಗೆದರು. ಉಪಾಧಿ ಯಾವುದು ಅಂತ ತಿಳಿಯದಿದ್ದಾಗ ಜಾತಿ ಹೇಳಿ ಮುಗಿಸುವ ಚಟ ಎಲ್ಲ ಕಡೆಗೂ ಇದೆ ಅನ್ನಿ.

ಇಷ್ಟಾದರೂ ಆ ಆ್ಯಪನ್ನು ನಾನು ಬಿಡುವುದಿಲ್ಲ. ಅದರ ಉತ್ತರಕ್ಕಿಂತ ಅದರ ಪ್ರಶ್ನೆಗಳ ಮೇಲೆ ನನಗೆ ನಂಬಿಕೆ. ವಯಸ್ಸೆಷ್ಟು ಅಂತ ಅದು ಕೇಳದಿದ್ದರೆ ಗಾಂಧಿ ಸತ್ತ ದಿನದ ಮಾತು ಆಯಿಯ ಬಾಯಿಂದ ಬರುತ್ತಲೇ ಇರಲಿಲ್ಲ.

ಈ ನಂಬಿಕೆಗೆ ನಾನು ಕೊಟ್ಟ ಬೆಲೆಯೂ ಇದೆ. 2014ರಲ್ಲಿ ಅಪ್ಪನ ಶುಗರ್ ಒಮ್ಮೆಲೇ ಹದಕ್ಕೆ ಬಂತು. ಹನ್ನೆರಡು ವರ್ಷ ಏನು ಮಾಡಿದರೂ ಇಳಿಯದೆ ಇದ್ದದ್ದು, ಅದೇ ಇನ್ಸುಲಿನ್, ಅದೇ ರೊಟ್ಟಿ, ತಿಂಗಳೊಪ್ಪತ್ತಿನಲ್ಲಿ ಇಳಿಯಿತು. ಅವ್ವ ಸೋಮವಾರದ ಉಪವಾಸದ ಫಲ ಅಂದಳು. ಅಪ್ಪ ಸಿದ್ಧಾರೂಢರ ಕೃಪೆ ಅಂದ. ಹುಬ್ಬಳ್ಳಿಯ ಮಠಕ್ಕೆ ಹೋಗಿ ಗದ್ದುಗೆಗೆ ಕಾಯಿ ಒಡೆಸಿ ಬಂದೆವು. ಆ ದಿನ ಮನೆಯಲ್ಲಿ ಹೋಳಿಗೆ. ಎರಡು ಹೋಳಿಗೆ ನಾನೇ ಅವನ ತಾಟಿಗೆ ಹಾಕಿದೆ.

ಹದಿನೈದು ದಿನದ ಮೇಲೆ, ನಸುಕಿನ ನಾಲ್ಕಕ್ಕೆ ಅವ್ವ ಕೂಗಿದಳು. ಅಪ್ಪನ ಅಂಗಿ ನೀರಲ್ಲಿ ಅದ್ದಿ ತೆಗೆದ ಹಾಗೆ ಬೆವರಿನಿಂದ ತೊಯ್ದಿತ್ತು. ಕರೆದರೆ ಹೂಂ ಅನ್ನಲಿಲ್ಲ. ಬೆರಳು ಚುಚ್ಚಿ ನೋಡಿದರೆ 46. ಸಕ್ಕರೆಯನ್ನು ಬೆರಳಿಗೆ ಅಂಟಿಸಿಕೊಂಡು ಅವನ ಕೆನ್ನೆಯ ಒಳಮಗ್ಗುಲಿಗೆ ಸವರುತ್ತ ಕೂತೆ. ಹಲ್ಲಿಗೆ ಬೆರಳು ಸಿಕ್ಕು ರಕ್ತ ಬಂತು, ನನಗೆ ಆಮೇಲೆ ಗೊತ್ತಾಯಿತು. ಕಾಲು ತಾಸಿಗೆ ಕಣ್ಣು ತೆರೆದು "ಬಾಯಾಗ ಏನು, ಉಸುಕೇನು?" ಅಂದ.

ಇನ್ಸುಲಿನ್ ಒಡೆದು ಕರಗುವ ಜಾಗಗಳಲ್ಲಿ ಕಿಡ್ನಿಯೂ ಒಂದು. ಕಿಡ್ನಿ ಸೋಲುತ್ತ ಬಂದಂತೆ ಚುಚ್ಚಿದ ಇನ್ಸುಲಿನ್ ರಕ್ತದಲ್ಲೇ ಉಳಿಯುತ್ತದೆ, ಶುಗರ್ ತಾನಾಗಿ ಇಳಿಯುತ್ತದೆ. ನಾವು ಗುಣ ಅಂದುಕೊಂಡದ್ದು ರೋಗ ಮುಂದಿಟ್ಟ ಹೆಜ್ಜೆ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಮನೆಯಲ್ಲಿ ಹೊಳೆಯಲಿಲ್ಲ. ಕಿಡ್ನಿ ಹೋದದ್ದು ಯಾವುದರಿಂದ ಅಂದರೆ ಡಾಕ್ಟರು ಶುಗರಿನಿಂದ ಅಂದರು. ಇರಬಹುದು. ಆದರೆ ಮೊಣಕಾಲ ನೋವಿಗೆ ಆರು ವರ್ಷ ನನ್ನ ಅಂಗಡಿಯ ಡೈಕ್ಲೋಫೆನಾಕ್ ನುಂಗಿದ್ದನಲ್ಲ ಅಪ್ಪ. ನೋವಿನ ಗುಳಿಗಿ ಕಿಡ್ನಿಗೆ ಆಗದು ಅನ್ನುವುದು ಗೊತ್ತಿದ್ದವನು ನಾನೇ, ಪೇಪರ್ ಚೀಟಿಯಲ್ಲಿ ಕಟ್ಟಿ ಕೊಡುತ್ತಿದ್ದವನೂ ನಾನೇ. ಯಾವ ಬೆಂಕಿಯ ಹೊಗೆ ಅಂತ ಇವತ್ತಿಗೂ ಹೇಳಲಾರೆ.

ಆಮೇಲೆ ಡಯಾಲಿಸಿಸ್. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತಾಸು. ಮುಗಿಸಿ, ತ್ರಾಣವಿದ್ದ ದಿನ, ಸಿದ್ಧಾರೂಢ ಮಠಕ್ಕೆ ಹೋಗಿ ಶಾಸ್ತ್ರ ಕೇಳುತ್ತ ಕೂಡುತ್ತಿದ್ದ. 1929ರಲ್ಲಿ ದೇಹ ಬಿಟ್ಟ ಅಜ್ಜನ ಮಠದಲ್ಲಿ ಅದ್ವೈತದ ಮಾತು ಇಂದಿಗೂ ಹೊಲದವರ, ಹಮಾಲರ ಬಾಯಲ್ಲಿ ಸಲೀಸು. ನಿಜಗುಣ ಶಿವಯೋಗಿಗಳ ಶಾಸ್ತ್ರ ಅಲ್ಲಿ ಪಾಠವಾಗುತ್ತದೆ. ಒಂದು ದಿನ ವಾಪಸು ಬರುವಾಗ ಬಸ್ಸಿನಲ್ಲಿ ಸಿಟ್ಟಿನಿಂದಲೇ ಕೇಳಿದೆ: "ಯಪ್ಪಾ, ದೇಹ ಮಿಥ್ಯಾ ಅಂತ ಕೇಳಿ ಬರ್ತಿ. ಮತ್ತ ಈ ಸುಳ್ಳ ದೇಹಕ್ಕ ವಾರಕ್ಕ ಮೂರು ಸಲ ಸೂಜಿ ಯಾಕ?"

"ಸುಳ್ಳು ಬ್ಯಾರೆ, ಮಿಥ್ಯಾ ಬ್ಯಾರೆ" ಅಂದ. "ಸುಳ್ಳು ಅಂದ್ರ ಮೊಲದ ಕೋಡು. ಅದು ಎಂದೂ ಇಲ್ಲ, ಯಾರಿಗೂ ಚುಚ್ಚಂಗಿಲ್ಲ. ಮಿಥ್ಯಾ ಅಂದ್ರ ಖರೇನೂ ಅನ್ನಾಕ ಬರಂಗಿಲ್ಲ, ಸುಳ್ಳೂ ಅನ್ನಾಕ ಬರಂಗಿಲ್ಲ. ದೀಪ ತರೂತನಾ ಹಗ್ಗ ಹಾವs. ದೇಹನೂ ಹಂಗ, ಅದರ ದೀಪ ಇನ್ನೂ ಬಂದಿಲ್ಲ. ಅಲ್ಲೀತನಾ ವ್ಯವಹಾರ ನಡೀಬೇಕು. ಬ್ರಹ್ಮಜ್ಞಾನಿ ಆದ್ರೂ ಬಸ್ಸಿನ್ಯಾಗ ಟಿಕೀಟು ತಗಸಬೇಕಲ್ಲೋ." ಕಂಡಕ್ಟರ್ ನಕ್ಕ. ಅಪ್ಪ ಹೋಗಿ ಈಗ ಎಂಟು ವರ್ಷವಾಗಿದೆ, ಅವನ ಈ ಮಾತನ್ನು ನಾನು ಇನ್ನೂ ಜಗಿಯುತ್ತಿದ್ದೇನೆ.

ಆ್ಯಪು ಕೊಡುವ 28 ಇಂಥದೇ ಮಿಥ್ಯೆ ಅಂತ ನನಗೆ ಅನಿಸುತ್ತದೆ. ಅದು ಮೊಲದ ಕೋಡಲ್ಲ. ಅದರ ಮೇಲೆ ಔಷಧ ಕೊಡಬಹುದು, ಜನ ಬದುಕುತ್ತಾರೆ. ಆಯಿಯ ಕಿಡ್ನಿಯ ನಿಜವೂ ಅಲ್ಲ; ನಾಳೆಯ ರಕ್ತ ಇನ್ನೊಂದು ಅಂಕಿ ಹೇಳಿ ಇದನ್ನು ಅಳಿಸಬಹುದು. ವೇದಾಂತಿಗಳು ಅದನ್ನು ಬಾಧ ಅನ್ನುತ್ತಾರೆ. ಆದರೆ ಇಲ್ಲಿ ಅಪ್ಪನ ಜೊತೆ ನನಗೊಂದು ತಕರಾರಿದೆ, ಅದನ್ನು ಕೇಳಲು ಅವನಿಲ್ಲ. ದೀಪ ಬಂದ ಮೇಲೆ ಹಗ್ಗದ ಹಾವು ಯಾರಿಗೂ ಕಚ್ಚಿರುವುದಿಲ್ಲ. ನಮ್ಮ ಕಸುಬಿನಲ್ಲಿ ಹಾಗಲ್ಲ. ತಪ್ಪು ಅಂಕಿಯ ಮೇಲೆ ಕೊಟ್ಟ ಗುಳಿಗಿ, ಅಂಕಿ ತಪ್ಪು ಅಂತ ಗೊತ್ತಾಗುವ ಹೊತ್ತಿಗೆ ತನ್ನ ಕೆಲಸ ಮುಗಿಸಿರುತ್ತದೆ. ನಾಲ್ಕು ಗಂಟೆಯ ನಸುಕಿನಲ್ಲಿ ದೀಪ ಹಚ್ಚಿದರೆ ಹಾವಿಲ್ಲ, ಗಾಯ ಇದೆ. ಅಳಿಸಿಹೋಗುವಂಥದ್ದು ಅಂತ ಗೊತ್ತಿದ್ದೂ ಒಂದು ತಿಳಿವಿನ ಮೇಲೆ ಇನ್ನೊಬ್ಬರ ಮೈಗೆ ಕೈ ಹಚ್ಚುವ ಅಧಿಕಾರ ಎಲ್ಲಿಂದ ಬರುತ್ತದೆ? ಹಗ್ಗ-ಹಾವಿನ ಪಾಠದಲ್ಲಿ ನನಗೆ ಇದಕ್ಕೆ ಉತ್ತರ ಸಿಕ್ಕಿಲ್ಲ. ಚರಕ ಸ್ವಲ್ಪ ಹತ್ತಿರ ಬರುತ್ತಾನೆ. ಆಪ್ತರ ಮಾತು, ಪ್ರತ್ಯಕ್ಷ, ಅನುಮಾನ ಇವುಗಳ ಜೊತೆ ಅವನು ಯುಕ್ತಿಯನ್ನೂ ಒಂದು ಪ್ರಮಾಣವಾಗಿ ಎಣಿಸಿದ; ಹಲವು ಕಾರಣ ಕೂಡಿ ಆಗುವುದನ್ನು ಕೂಡಿಸಿಯೇ ನೋಡುವ ಬುದ್ಧಿ ಅದು. ಆಹಾರದ ಮಾತ್ರೆ ಉಣ್ಣುವವನ ಅಗ್ನಿಯ ಬಲದ ಮೇಲೆ ಅಂದವನೂ ಅವನೇ. ಎಷ್ಟೆಂದರೂ ವೈದ್ಯ, ನಾಳೆ ಮುಂಜಾನೆ ರೋಗಿಯ ಮುಖ ನೋಡಬೇಕಾದವನು.

ಡಾಕ್ಟರಿಗೆ ಫೋನು ಹಚ್ಚಿದೆ. ಬರೆದ ಚೀಟಿಯನ್ನು ತಿದ್ದುವ ಹಕ್ಕು ನನಗಿಲ್ಲ. "ಸರ್, ಆಧಾರದಾಗ 70 ಐತ್ರಿ, ಖರೇ ವಯಸ್ಸು 78ರ ಮ್ಯಾಲ. ತೂಕ ಬರೇ 42 ಅದರೀ" ಅಂದೆ. ಅತ್ತಲಿಂದ ಒಂದು ಕ್ಷಣ ಸುಮ್ಮನಿದ್ದರು. ಬೇರೆ ರೋಗಿ ಕೆಮ್ಮುವುದು ಕೇಳಿಸುತ್ತಿತ್ತು. "25 ಕೊಡ್ರಿ, ರಾತ್ರಿ ಒಂದs. ವಾರ ಬಿಟ್ಟು ಕರಕೊಂಡು ಬರಾಕ ಹೇಳ್ರಿ" ಅಂದರು. ಬಯ್ಯಲಿಲ್ಲ. ಬಯ್ದ ಡಾಕ್ಟರನ್ನೂ ನೋಡಿದ್ದೇನೆ.

ಆಯಿ ಸಣ್ಣ ಗುಳಿಗಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಇದು ಖರೇ ಎಷ್ಟು ಬೇಕೋ ಅಷ್ಟs ಐತೇನು?"

"ಲೆಕ್ಕ ಹಂಗ ಹೇಳ್ತೈತಿ ಆಯಿ."

"ಲೆಕ್ಕ ಬಿಡು. ನೀ ಹೇಳು. ಇದರಿಂದ ತ್ರಾಸ ಆಗಂಗಿಲ್ಲಂತ ನಿಮ್ಮಪ್ಪನ ಆಣಿ ಮಾಡಿ ಹೇಳು."

ಆಣಿ ಮಾಡಲು ಬಾಯಿ ಬರಲಿಲ್ಲ. ಬೇರೆ ಯಾರ ಆಣಿ ಕೇಳಿದ್ದರೂ ಮಾಡಿಬಿಡುತ್ತಿದ್ದೆನೇನೋ. "ನಾಳೆ ಮುಂಜಾನೆ ನಿನ್ನ ಮನಿಗೆ ಬಂದು ನೋಡ್ತೀನಿ" ಅಂದೆ.

ಆರೂವರೆಗೆ ಹೋದಾಗ ಆಯಿ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು. ಕಣ್ಣು ನೋಡಿದೆ, ಮಂಪರಿಲ್ಲ. ಎದ್ದು ನಡೆ ಅಂದೆ. ಬಾಗಿಲ ತನಕ ಹೋಗಿ ಬಂದಳು, ಓಲಾಡಲಿಲ್ಲ. ಉರಿ ಹಾಗೇ ಇತ್ತಂತೆ, ನಿದ್ದೆ ಮಾತ್ರ ಬಂತಂತೆ. ಹೊರಡುವಾಗ ಕೈಸನ್ನೆ ಮಾಡಿ ಹತ್ತಿರ ಕರೆದು, ಸೊಸೆಗೆ ಕೇಳದ ಹಾಗೆ ಹೇಳಿದಳು:

"ತಮ್ಮಾ, ಆ ಫೋನಿನ್ಯಾಗ ಎಪ್ಪತ್ತೆಂಟು ಅಂತ ಬರದಿಯಲ್ಲ, ಅದು ಪಿಂಚಣಿ ಆಫೀಸಿನವರಿಗೆ ಕಾಣ್ತೈತೇನು?"